ಅಪ್ಪಣೆಯಿಂದ ಹುಟ್ಟಿ ಅಪ್ಪಣೆಯಿಂದಲೇ ಮುಗಿದ ಚೀನಾ ನಾರ್ತ್‌ವೆಸ್ಟ್

(ವಿಮಾನಯಾನದ ಇತಿಹಾಸ ಕುರಿತ ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಭಿಕರು ನಡುವೆ ಕೇಳಿದ ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಚೀನಾದ ಹಳೆಯ ವಿಮಾನ ಸಂಖ್ಯೆಗಳನ್ನು ಓದುವುದಕ್ಕೆ ಒಂದು ಕ್ರಮವಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಂದಿನ ಕಥೆಯ ಅರ್ಧ ಅದರಲ್ಲೇ ಇದೆ. 2303 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳಿ. ಮೊದಲ ಅಂಕಿ 2 ಎಂದರೆ ವಿಮಾನ ಸಂಸ್ಥೆಯ ನೆಲೆ ವಾಯವ್ಯ ವಲಯ, ಅಂದರೆ ಶಿಯಾನ್ ನಗರ. ಎರಡನೆಯ ಅಂಕಿ 3 ಎಂದರೆ ಹೋಗಬೇಕಾದ ಊರು ದಕ್ಷಿಣ ವಲಯದ್ದು, ಗುವಾಂಗ್‌ಝೌ ಕಡೆಯದು. ಕೊನೆಯ ಎರಡು ಅಂಕಿಗಳು ಕ್ರಮಸಂಖ್ಯೆ. ಅದು ಬೆಸವಾಗಿದ್ದರೆ ನೆಲೆಯಿಂದ ಹೊರಡುವ ವಿಮಾನ, ಸಮವಾಗಿದ್ದರೆ ನೆಲೆಗೆ ಮರಳುವ ವಿಮಾನ. ಹಾಗೆಯೇ 1 ಬೀಜಿಂಗ್, 4 ನೈಋತ್ಯದ ಚೆಂಗ್ಡು, 5 ಪೂರ್ವದ ಶಾಂಘೈ, 6 ಈಶಾನ್ಯದ ಶೆನ್ಯಾಂಗ್. ಅಷ್ಟು ದೊಡ್ಡ ದೇಶದ ಆಕಾಶವನ್ನು ಆರು ಕಚೇರಿಗಳಿಗೆ ಹಂಚಿ ಬಾಗಿಲ ಮೇಲೆ ನಂಬರು ಬರೆದಂತಿದೆ ಈ ವ್ಯವಸ್ಥೆ. ಆ ಪೈಕಿ ಎರಡನೆಯ ನಂಬರಿನ ಕಚೇರಿ ವಿಮಾನ ಸಂಸ್ಥೆಯಾಗಿ, ಹದಿಮೂರು ವರ್ಷ ಬಾಳಿ, ಇನ್ನೊಂದು ಸಂಸ್ಥೆಯಲ್ಲಿ ಕರಗಿಹೋಯಿತು. ಅದರ ಹೆಸರು ಚೀನಾ ನಾರ್ತ್‌ವೆಸ್ಟ್ ಏರ್‌ಲೈನ್ಸ್.

ಈ ಹೆಸರು ಇಂದು ಯಾರಿಗಾದರೂ ನೆನಪಿದ್ದರೆ ಅದು ಒಂದು ಅಪಘಾತದ ಕಾರಣಕ್ಕೆ. ಅದರ ಬಗ್ಗೆ ವಿವರವಾಗಿ ಮಾತನಾಡುತ್ತೇನೆ. ಆದರೆ ಅಪಘಾತದಿಂದಲೇ ಸಂಸ್ಥೆ ಮುಳುಗಿತು ಎಂದು ಬರೆಯುವವರಿದ್ದಾರಲ್ಲ, ಅವರ ಮಾತನ್ನು ನಾನು ಒಪ್ಪುವುದಿಲ್ಲ. ಅಪಘಾತವಾಗಿ ಎಂಟು ವರ್ಷಗಳ ನಂತರ ಬೀಜಿಂಗಿನಿಂದ ಬಂದ ಅಪ್ಪಣೆಯಿಂದ ಅದು ಮುಗಿಯಿತು. ಹುಟ್ಟಿದ್ದೂ ಅಂಥದೇ ಅಪ್ಪಣೆಯಿಂದ. ನಡುವಿನ ಹದಿಮೂರು ವರ್ಷ ಕಂಪನಿಯಂತೆ ವರ್ತಿಸುವುದನ್ನು ಅದು ಕಲಿಯುತ್ತಲೇ ಇತ್ತು.

ಸ್ವಲ್ಪ ಹಿಂದಕ್ಕೆ ಹೋಗೋಣ. ಕಮ್ಯುನಿಸ್ಟ್ ಚೀನಾದ ನಾಗರಿಕ ವಿಮಾನಯಾನ ಆಡಳಿತ, ಅಂದರೆ ಸಿಎಎಸಿ, 1949ರ ನವೆಂಬರಿನಲ್ಲಿ ಸ್ಥಾಪನೆಯಾಯಿತು. ವಿಮಾನ ಹಾರಿಸುವವರು, ವಿಮಾನ ನಿಲ್ದಾಣ ನಡೆಸುವವರು, ಟಿಕೆಟ್ ಮಾರುವವರು, ಸುರಕ್ಷತೆಯ ನಿಯಮ ಬರೆಯುವವರು, ಆ ನಿಯಮ ಪಾಲನೆಯಾಗಿದೆಯೇ ಎಂದು ನೋಡುವವರು ಎಲ್ಲರೂ ಅದೇ ಮನೆಯವರು. ಅದರ ಮೇಲೆ ವಾಯುಸೇನೆಯ ಹಿಡಿತ. ಆ ಕಾಲದಲ್ಲಿ ವಿಮಾನದ ಟಿಕೆಟ್ ಕೊಳ್ಳಲು ಹಣ ಇದ್ದರೆ ಸಾಲದು, ಕೆಲಸ ಮಾಡುವ ಸಂಸ್ಥೆಯಿಂದ ಪರಿಚಯ ಪತ್ರ ಬೇಕಿತ್ತು. ಅದೂ ಒಂದು ದರ್ಜೆಗಿಂತ ಮೇಲಿನ ಅಧಿಕಾರಿಗಳಿಗೆ ಮಾತ್ರ. ಸಾಮಾನ್ಯ ಪ್ರಜೆಗೆ ವಿಮಾನವೆಂದರೆ ತಲೆಯೆತ್ತಿ ನೋಡುವ ವಸ್ತು.

1980ರಲ್ಲಿ ಚೀನಾದ ಅಂದಿನ ಅಗ್ರ ನಾಯಕ ಡೆಂಗ್ ಶಿಯಾವೊಪಿಂಗ್ ನಾಗರಿಕ ವಿಮಾನಯಾನವನ್ನು ಉದ್ಯಮದ ರೀತಿಯಲ್ಲಿ ನಡೆಸಬೇಕೆಂದು ತಾಕೀತು ಮಾಡಿದರು. ಅದೇ ವರ್ಷ ಸಿಎಎಸಿ ವಾಯುಸೇನೆಯ ಕೈತಪ್ಪಿ ಸರ್ಕಾರದ ನೇರ ಅಧೀನಕ್ಕೆ ಬಂತು. ಮುಂದಿನ ಹೆಜ್ಜೆ, ನಿಯಂತ್ರಿಸುವವರನ್ನೂ ಹಾರಿಸುವವರನ್ನೂ ಬೇರ್ಪಡಿಸುವುದು. 1987ರಲ್ಲಿ ಚೆಂಗ್ಡುವಿನಿಂದ ಈ ಕೆಲಸ ಶುರುವಾಯಿತು. ಅಲ್ಲಿ ಚೀನಾ ಸೌತ್‌ವೆಸ್ಟ್, 1988ರಲ್ಲಿ ಶಾಂಘೈನ ಚೀನಾ ಈಸ್ಟರ್ನ್ ಮತ್ತು ಬೀಜಿಂಗಿನ ಏರ್ ಚೀನಾ, 1989ರ ಡಿಸೆಂಬರಿನಲ್ಲಿ ಶಿಯಾನ್‌ನ ಚೀನಾ ನಾರ್ತ್‌ವೆಸ್ಟ್, ನಂತರ ಶೆನ್ಯಾಂಗ್‌ನ ಚೀನಾ ನಾರ್ದರ್ನ್ ಮತ್ತು ಗುವಾಂಗ್‌ಝೌನ ಚೀನಾ ಸದರ್ನ್. ನಮ್ಮಲ್ಲಿ 1953ರಲ್ಲಿ ಎಂಟು ಕಂಪನಿಗಳನ್ನು ರಾಷ್ಟ್ರೀಕರಿಸಿ ಒಂದು ಇಂಡಿಯನ್ ಏರ್‌ಲೈನ್ಸ್ ಮಾಡಿದರು. ಅವರು ಒಂದನ್ನು ಒಡೆದು ಆರು ಮಾಡಿದರು. ಎರಡೂ ಕಡೆ ಪ್ರಯಾಣಿಕನನ್ನು ಕೇಳಿದವರು ಇದ್ದಂತಿಲ್ಲ.

ಒಡೆದ ರೀತಿಯನ್ನು ಗಮನಿಸಬೇಕು. ಇಂಥ ಊರಿಗೆ ಇಷ್ಟು ಪ್ರಯಾಣಿಕರಿದ್ದಾರೆ, ಇಂಥ ಮಾರ್ಗ ಲಾಭ ತರುತ್ತದೆ ಎಂಬ ಲೆಕ್ಕದ ಮೇಲೆ ಹಂಚಿಕೆ ಆಗಲಿಲ್ಲ. ವಲಯ ಕಚೇರಿಯ ಗಡಿ ಎಲ್ಲಿತ್ತೋ ಅಲ್ಲೇ ಗೆರೆ. ಶಾಂಘೈ ಸಂಸ್ಥೆಯ ಪಾಲಿಗೆ ಕರಾವಳಿಯ ವ್ಯಾಪಾರ ಬಂತು, ಗುವಾಂಗ್‌ಝೌ ಸಂಸ್ಥೆಗೆ ಹಾಂಗ್‌ಕಾಂಗ್ ಬಾಗಿಲಿನ ಕಾರ್ಖಾನೆಗಳು ಬಂದವು. ಶಿಯಾನ್ ಸಂಸ್ಥೆಗೆ ಬಂದದ್ದು ಶಾನ್‌ಶಿ, ಗಾನ್ಸು, ನಿಂಗ್ಶಿಯಾ, ಚಿಂಗ್‌ಹೈ. ಹಳದಿ ಮಣ್ಣಿನ ಪ್ರಸ್ಥಭೂಮಿ, ಮರುಭೂಮಿಯ ಅಂಚು, ಟಿಬೆಟ್ ಕಡೆಗೆ ಏರುತ್ತ ಹೋಗುವ ನೆಲ. ಜನ ವಿರಳ, ಇದ್ದವರ ಕೈಯಲ್ಲಿ ಕಾಸೂ ವಿರಳ. ಲಾನ್‌ಝೌ ನಗರದ ವಿಮಾನ ನಿಲ್ದಾಣ ಊರಿನಿಂದ ಸುಮಾರು 70 ಕಿಲೋಮೀಟರ್ ದೂರ. ಶೀನಿಂಗ್‌ನ ನಿಲ್ದಾಣ ಸಮುದ್ರಮಟ್ಟದಿಂದ 2000 ಮೀಟರಿಗಿಂತ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳು, ಅದೇ ವಿಮಾನ ಅಲ್ಲಿ ಕಡಿಮೆ ಭಾರ ಹೊತ್ತು ಹೆಚ್ಚು ದೂರ ಓಡಿ ಏಳಬೇಕು. ಪಕ್ಕದ ವಿಶಾಲ ಶಿನ್‌ಜಿಯಾಂಗ್‌ಗೆ ಬೇರೆಯೇ ಸಂಸ್ಥೆ ಇತ್ತು.

ಇವರ ಕೈಯಲ್ಲಿದ್ದ ಒಂದೇ ದೊಡ್ಡ ಬಂಡವಾಳ ಶಿಯಾನ್ ನಗರ. 1974ರಲ್ಲಿ ಲಿಂಟಾಂಗ್ ಬಳಿ ರೈತರು ಬಾವಿ ತೋಡುತ್ತಿದ್ದಾಗ ಪ್ರಾಚೀನ ಚಕ್ರವರ್ತಿಯ ಸಮಾಧಿ ಕಾಯುವ ಸುಟ್ಟ ಮಣ್ಣಿನ ಸೈನಿಕರ ಪ್ರತಿಮೆಗಳು ಸಿಕ್ಕಿದವು. 1979ರಲ್ಲಿ ಅಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ವಿದೇಶಿ ಪ್ರವಾಸಿಗರು ಬೀಜಿಂಗ್ ನೋಡಿದ ಮೇಲೆ ಶಿಯಾನ್‌ಗೆ ಬರುವುದು ರೂಢಿಯಾಯಿತು. ಅವರ ಕೈಯಲ್ಲಿ ಡಾಲರು, ಯೆನ್ನು. ಚೀನಾದಲ್ಲಿ ವಿದೇಶಿಯರಿಗೆ ವಿಮಾನದ ಟಿಕೆಟ್ ದರವೇ ಬೇರೆ, ಸ್ಥಳೀಯರಿಗಿಂತ ಹೆಚ್ಚು. ಈ ಎರಡು ದರದ ಪದ್ಧತಿ 1997ರವರೆಗೆ ನಡೆಯಿತು. ಹಾಗಾಗಿ ಒಬ್ಬ ಜಪಾನಿ ಪ್ರವಾಸಿ ಸಂಸ್ಥೆಗೆ ಬಹಳ ಬೇಕಾದವನು. ಜಪಾನಿನ ನಗೋಯಾಕ್ಕೆ ಚೀನಾ ನಾರ್ತ್‌ವೆಸ್ಟ್ ವಿಮಾನ ಹಾರಿಸಿದ್ದರ ಹಿಂದೆ ಈ ಲೆಕ್ಕಾಚಾರವಿತ್ತು.

ಆದರೆ ಸಂಸ್ಥೆ ಹುಟ್ಟಿದ ತಿಂಗಳನ್ನು ನೋಡಿ. 1989ರ ಡಿಸೆಂಬರ್. ಅದೇ ವರ್ಷ ಜೂನ್‌ನಲ್ಲಿ ಸೇನೆ ಪ್ರತಿಭಟನಕಾರರನ್ನು ಹತ್ತಿಕ್ಕಿದ ತಿಯಾನನ್‌ಮೆನ್ ಚೌಕದ ಘಟನೆ ನಡೆದಿತ್ತು. ವಿದೇಶಿ ಪ್ರವಾಸಿಗರು ಚೀನಾದಿಂದ ಮುಖ ತಿರುಗಿಸಿದ್ದರು, ಹೋಟೆಲುಗಳು ಖಾಲಿ ಹೊಡೆಯುತ್ತಿದ್ದವು. ಪ್ರವಾಸಿಗರನ್ನೇ ನಂಬಿದ ಸಂಸ್ಥೆಗೆ ಇದಕ್ಕಿಂತ ಕೆಟ್ಟ ಮುಹೂರ್ತ ಯಾವ ಪಂಚಾಂಗದಲ್ಲೂ ಸಿಗಲಾರದು. ಪ್ರವಾಸಿಗರು ಕ್ರಮೇಣ ಮರಳಿದರು ಎನ್ನುವುದು ನಿಜ. 1991ರ ಸೆಪ್ಟೆಂಬರಿನಲ್ಲಿ, ನಗರದ ಪಶ್ಚಿಮಕ್ಕೆ ಅಂಟಿಕೊಂಡಿದ್ದ ಹಳೆಯ ಶಿಗುವಾನ್ ನಿಲ್ದಾಣವನ್ನು ಬಿಟ್ಟು ಶಿಯಾನ್‌ಯಾಂಗ್‌ನ ಹೊಸ ನಿಲ್ದಾಣಕ್ಕೆ ಸ್ಥಳಾಂತರವೂ ಆಯಿತು. ಹಾನ್, ಟಾಂಗ್ ಚಕ್ರವರ್ತಿಗಳ ಸಮಾಧಿ ದಿಬ್ಬಗಳಿರುವ ಬಯಲು ಅದು.

ಈಗ ವಿಮಾನಗಳ ವಿಷಯ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಹ್ಯಾಂಗರ್ ನೋಡಿದರೆ ಸಂಸ್ಥೆಯ ಜಾತಕ ಗೊತ್ತಾಗುತ್ತದೆ.

ಚೀನಾ ನಾರ್ತ್‌ವೆಸ್ಟ್ ಬಳಿ ಸೋವಿಯತ್ ನಿರ್ಮಿತ ಟ್ಯುಪೊಲೆವ್ ಟಿಯು-154ಎಂ ಇತ್ತು. ಬ್ರಿಟಿಷರ ಬಿಎಇ 146 ಇತ್ತು. ಏರ್‌ಬಸ್ ಕಂಪನಿಯ ಎ310, ಎ300-600, ಮುಂದೆ ಎ320 ಬಂದವು. ಒಂದೊಂದಕ್ಕೂ ಬೇರೆ ಬಿಡಿಭಾಗ, ಬೇರೆ ಕೈಪಿಡಿ, ಬೇರೆ ಭಾಷೆ, ಬೇರೆ ತರಬೇತಿ. ರಷ್ಯನ್ ಕೈಪಿಡಿ ಓದಿ ಪಳಗಿದ ಮೆಕ್ಯಾನಿಕ್ ಒಬ್ಬನಿಗೆ ಏರ್‌ಬಸ್‌ನ ಇಂಗ್ಲಿಷ್ ಕೈಪಿಡಿ ಕೊಟ್ಟರೆ ಅವನು ಮತ್ತೆ ಅಪ್ರೆಂಟಿಸ್ ಆಗುತ್ತಾನೆ. ದೊಡ್ಡ ಸಂಸ್ಥೆಗಳು ಇಂಥ ಬೆರಕೆಯನ್ನು ಹೇಗೋ ತಾಳಿಕೊಳ್ಳುತ್ತವೆ. ಸಣ್ಣ ಸಂಸ್ಥೆಗೆ ಅದು ಪ್ರತಿ ತಿಂಗಳ ದಂಡ.

ಟಿಯು-154 ಏಕೆ ಕೊಂಡರು ಎಂದು ಕೇಳಬಹುದು. ಸುಲಭವಾಗಿ ಸಿಗುತ್ತಿತ್ತು ಎಂಬುದೇ ಉತ್ತರ. ಮೂರು ಎಂಜಿನ್ನಿನ ಗಟ್ಟಿ ವಿಮಾನ, ನೂರೈವತ್ತಕ್ಕೂ ಹೆಚ್ಚು ಜನರನ್ನು ಹೊರುತ್ತದೆ, ಚೀನಾದ ಪೈಲಟ್‌ಗಳಿಗೆ ಸೋವಿಯತ್ ಯಂತ್ರಗಳ ರೂಢಿ ಇತ್ತು, ಅಮೂಲ್ಯ ವಿದೇಶಿ ವಿನಿಮಯ ಸುರಿಯಬೇಕಾಗಿರಲಿಲ್ಲ. ಕೊಡು ಕೊಳ್ಳು ವ್ಯಾಪಾರದಲ್ಲೂ ಇದು ಬರುತ್ತಿತ್ತು. ಮೌ ಚಿಝೊಂಗ್ ಎಂಬ ವ್ಯಾಪಾರಿಯ ಕಥೆ ಚೀನಾದಲ್ಲಿ ಮನೆಮಾತು. ಸೋವಿಯತ್ ಒಕ್ಕೂಟ ಕುಸಿಯುವ ಹೊತ್ತಿನಲ್ಲಿ ಆತ ಡಬ್ಬಿಯ ಆಹಾರ, ಬಟ್ಟೆಬರೆ ಮುಂತಾದ ದಿನಬಳಕೆಯ ಸರಕನ್ನು ರೈಲು ವ್ಯಾಗನ್‌ಗಳಲ್ಲಿ ತುಂಬಿ ಕಳಿಸಿ, ಬದಲಿಗೆ ನಾಲ್ಕು ಟಿಯು-154 ತಂದು ಸಿಚುವಾನ್ ಏರ್‌ಲೈನ್ಸ್‌ಗೆ ಕೊಟ್ಟ. ಕೊಟ್ಟವರಿಗೆ ಊಟದ ಡಬ್ಬಿ ಬೇಕಿತ್ತು, ಕೊಂಡವರಿಗೆ ವಿಮಾನ ಬೇಕಿತ್ತು. ಮುಂದೆ ಬೇರೊಂದು ಹಣಕಾಸು ವಂಚನೆ ಪ್ರಕರಣದಲ್ಲಿ ಆತ ಸೆರೆಮನೆ ಸೇರಿದ, ಅದು ಇನ್ನೊಂದು ದಿನದ ಉಪನ್ಯಾಸ.

ಟಿಯು-154 ನಮಗೂ ಅಪರಿಚಿತವಲ್ಲ. 1993ರ ಜನವರಿಯಲ್ಲಿ, ಪೈಲಟ್‌ಗಳ ಮುಷ್ಕರದ ಕಾಲದಲ್ಲಿ ಇಂಡಿಯನ್ ಏರ್‌ಲೈನ್ಸ್ ಉಜ್ಬೇಕಿಸ್ತಾನದಿಂದ ಸಿಬ್ಬಂದಿ ಸಮೇತ ಬಾಡಿಗೆಗೆ ತಂದಿದ್ದ ಟಿಯು-154 ಒಂದು ಹೈದರಾಬಾದಿನಿಂದ ಹೋಗಿ ದೆಹಲಿಯ ಮಂಜಿನಲ್ಲಿ ಇಳಿಯುವಾಗ ಮಗುಚಿ ಸುಟ್ಟುಹೋಯಿತು. ಒಳಗಿದ್ದ ಎಲ್ಲರೂ ಬದುಕಿದರು. ಆ ಯಂತ್ರದ ಗಟ್ಟಿತನಕ್ಕೆ ಅದೊಂದು ಸಾಕ್ಷಿ ಎಂದು ನನ್ನ ಅಭಿಪ್ರಾಯ.

ಏರ್‌ಬಸ್‌ಗಳ ತೊಡಕು ಬೇರೆ. ಪಾಶ್ಚಾತ್ಯ ವಿಮಾನದ ಬಾಡಿಗೆ, ಸಾಲ, ಬಿಡಿಭಾಗ ಎಲ್ಲಕ್ಕೂ ಡಾಲರ್ ಎಣಿಸಬೇಕು. ನಿಂಗ್ಶಿಯಾದ ಯಿನ್‌ಚುವಾನ್‌ನಿಂದ ಬೀಜಿಂಗ್‌ಗೆ ಹೋಗುವ ಅಧಿಕಾರಿ ಕೊಡುವುದು ಯುವಾನ್. 1994ರ ಜನವರಿ 1ರಂದು ಚೀನಾ ತನ್ನ ಅಧಿಕೃತ ವಿನಿಮಯ ದರವನ್ನು ಮಾರುಕಟ್ಟೆ ದರಕ್ಕೆ ಹೊಂದಿಸಿತು. ಡಾಲರಿಗೆ 5.8 ಯುವಾನ್ ಇದ್ದದ್ದು ರಾತ್ರೋರಾತ್ರಿ 8.7 ಆಯಿತು. ರಫ್ತು ಮಾಡುವವರು ಸಿಹಿ ಹಂಚಿದರು. ವಿಮಾನ ಸಂಸ್ಥೆಗಳ ಲೆಕ್ಕಪುಸ್ತಕದಲ್ಲಿ ಅದೇ ಸಾಲ ಒಂದೂವರೆ ಪಟ್ಟು ಆಯಿತು. ಶಾಂಘೈ, ಗುವಾಂಗ್‌ಝೌ ಸಂಸ್ಥೆಗಳಿಗೆ ತುಂಬಿದ ವಿಮಾನಗಳಿದ್ದವು, 1997ರಲ್ಲಿ ಹಾಂಗ್‌ಕಾಂಗ್ ಮತ್ತು ನ್ಯೂಯಾರ್ಕ್ ಷೇರುಪೇಟೆಯಲ್ಲಿ ಹಣ ಎತ್ತಿದವು. ಶಿಯಾನ್ ಸಂಸ್ಥೆಗೆ ಆ ಬಾಗಿಲು ತೆರೆಯಲಿಲ್ಲ.

ಇಷ್ಟರ ನಡುವೆ ಪ್ರಯಾಣಿಕರ ಪ್ರವಾಹವೇ ಹರಿದುಬಂತು. ತೊಂಬತ್ತರ ದಶಕದ ಆರಂಭದಲ್ಲಿ ಚೀನಾದ ವಿಮಾನ ಸಂಚಾರ ವರ್ಷಕ್ಕೆ ಶೇಕಡ 20ಕ್ಕೂ ಮೀರಿ ಬೆಳೆಯುತ್ತಿತ್ತು. ಪ್ರಾಂತಕ್ಕೊಂದು, ನಗರಕ್ಕೊಂದು ವಿಮಾನ ಸಂಸ್ಥೆ ಹುಟ್ಟಿತು. ಶಿಯಾನ್‌ನಲ್ಲೇ ಪ್ರಾಂತ ಸರ್ಕಾರದ ಚಾಂಗಾನ್ ಏರ್‌ಲೈನ್ಸ್ ಪಕ್ಕದ ಕಾರ್ಖಾನೆಯಲ್ಲಿ ತಯಾರಾದ ವೈ-7 ವಿಮಾನ ಹಾರಿಸಿತು. ವಿಮಾನ ಕೊಳ್ಳುವುದು ಸುಲಭ, ಸಾಲ ಕೊಡುವವರಿರುತ್ತಾರೆ. ಒಬ್ಬ ಒಳ್ಳೆಯ ನಿರ್ವಹಣಾ ಎಂಜಿನಿಯರ್ ತಯಾರಾಗಲು ಎಷ್ಟು ವರ್ಷ ಬೇಕು ಎಂಬುದು ಸಭೆಯಲ್ಲಿರುವ ಎಚ್‌ಎಎಲ್ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಫಲ ಏನಾಯಿತು? 1992ರ ಜುಲೈನಲ್ಲಿ ನಾನ್‌ಜಿಂಗ್‌ನಲ್ಲಿ ಯಾಕ್-42 ಬಿದ್ದು ನೂರಕ್ಕೂ ಹೆಚ್ಚು ಸಾವು. ಅದೇ ನವೆಂಬರಿನಲ್ಲಿ ಗುಯಿಲಿನ್ ಬಳಿ ಬೋಯಿಂಗ್ 737 ಗುಡ್ಡಕ್ಕೆ ಬಡಿದು 141 ಸಾವು. 1993ರಲ್ಲಿ ಒಂದರ ಹಿಂದೊಂದು ವಿಮಾನಗಳನ್ನು ಅಪಹರಿಸಿ ತೈವಾನ್‌ಗೆ ಒಯ್ದರು.

1993ರ ಜುಲೈ 23ರಂದು ಚೀನಾ ನಾರ್ತ್‌ವೆಸ್ಟ್‌ನ ಸರದಿ. ಯಿನ್‌ಚುವಾನ್‌ನಿಂದ ಬೀಜಿಂಗ್‌ಗೆ ಹೊರಟ ಬಿಎಇ 146, ಸಂಖ್ಯೆ 2119. ನಾನು ಆರಂಭದಲ್ಲಿ ಹೇಳಿದ ಕ್ರಮದಲ್ಲಿ ಓದಿ: ವಾಯವ್ಯದಿಂದ ಬೀಜಿಂಗ್ ವಲಯಕ್ಕೆ. ಮೇಲೇಳುವಾಗ ಎತ್ತುವ ಬಲ ಹೆಚ್ಚಿಸುವ ರೆಕ್ಕೆಯ ಫ್ಲಾಪ್ ಕೆಟ್ಟು ವಿಮಾನ ಮೇಲೇಳಲಾರದೆ ರನ್‌ವೇ ದಾಟಿ ನೀರಿಗೆ ನುಗ್ಗಿತು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಒಂದು ವರ್ಷವೂ ತುಂಬಲಿಲ್ಲ, 2303 ಬಂತು.

1994ರ ಜೂನ್ 6, ಬೆಳಿಗ್ಗೆ 8 ಗಂಟೆ 13 ನಿಮಿಷ. ಶಿಯಾನ್‌ಯಾಂಗ್ ನಿಲ್ದಾಣದಿಂದ ಗುವಾಂಗ್‌ಝೌಗೆ ಟಿಯು-154ಎಂ ಹೊರಟಿತು. ನೋಂದಣಿ ಬಿ-2610. ಒಳಗೆ 146 ಪ್ರಯಾಣಿಕರು, 14 ಸಿಬ್ಬಂದಿ. ನೆಲ ಬಿಟ್ಟ ಅರ್ಧ ನಿಮಿಷದೊಳಗೆ ವಿಮಾನ ಎಡಕ್ಕೂ ಬಲಕ್ಕೂ ತೂಗಾಡಲು ಶುರು ಮಾಡಿತು. ಪೈಲಟ್‌ಗಳು ನಿಯಂತ್ರಣ ಕೇಂದ್ರಕ್ಕೆ ತಿಳಿಸಿದರು, ಕೈಯಿಂದ ಸರಿಪಡಿಸಲು ಹೆಣಗಿದರು. ಆಟೋಪೈಲಟ್ ಹಾಕಿದರೆ ನಿಲ್ಲಬಹುದೆಂದು ಹಾಕಿದರು, ತೂಗಾಟ ಇನ್ನೂ ಹೆಚ್ಚಿತು. ಸುಮಾರು ಹತ್ತು ನಿಮಿಷ ಹೀಗೆ ನಡೆಯಿತು. ಕೊನೆಗೆ ನಿಯಂತ್ರಣ ಪೂರ್ತಿ ತಪ್ಪಿ, ಕೆಳಮುಖವಾಗಿ ಧುಮುಕಿ, ಮೂರು ಸಾವಿರ ಮೀಟರಿಗಿಂತ ಕೆಳಗೆ ಗಾಳಿಯಲ್ಲೇ ಮುರಿದು ಚಾಂಗಾನ್ ತಾಲ್ಲೂಕಿನ ಹೊಲಗಳ ಮೇಲೆ ಬಿತ್ತು. 160 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಚೀನಾದ ಮುಖ್ಯಭೂಮಿಯ ವಿಮಾನ ಅಪಘಾತಗಳಲ್ಲಿ ಅತಿ ಹೆಚ್ಚು ಜೀವ ತೆಗೆದದ್ದು ಇಂದಿಗೂ ಇದೇ.

ಕಾರಣ ಸಿಕ್ಕಿದ್ದು ಎರಡು ದಿನ ಹಿಂದಿನ ಒಂದು ದುರಸ್ತಿಯಲ್ಲಿ. ವಿಮಾನದ ಸ್ವಯಂಚಾಲಿತ ನಿಯಂತ್ರಣ ವ್ಯವಸ್ಥೆಯ ಒಂದು ಭಾಗವನ್ನು ಬದಲಿಸಿದ್ದರು. ಹಾಕುವಾಗ ಎರಡು ಪ್ಲಗ್‌ಗಳು ಅದಲು ಬದಲಾದವು. ಒಂದು, ವಿಮಾನ ಪಕ್ಕಕ್ಕೆ ವಾಲುವುದನ್ನು ತಡೆಯುವ ಸಾಲಿನದು. ಇನ್ನೊಂದು, ಮೂಗು ಎಡಬಲಕ್ಕೆ ಹೊರಳುವುದನ್ನು ತಡೆಯುವ ಸಾಲಿನದು.

ಇದರಿಂದ ಏನಾಗುತ್ತದೆ ಎಂದು ವಿವರಿಸುತ್ತೇನೆ. ಹಿಂದಕ್ಕೆ ಬಾಗಿದ ರೆಕ್ಕೆಗಳಿರುವ ದೊಡ್ಡ ಜೆಟ್ ವಿಮಾನಗಳಿಗೆ ಒಂದು ಸ್ವಭಾವದೋಷವಿದೆ. ಮೂಗು ಸ್ವಲ್ಪ ಹೊರಳಿದರೆ ಒಂದು ರೆಕ್ಕೆ ಏಳುತ್ತದೆ, ರೆಕ್ಕೆ ಎದ್ದರೆ ಮೂಗು ಮತ್ತೆ ಹೊರಳುತ್ತದೆ. ಈ ಓಲಾಟವನ್ನು ಅಡಗಿಸಲು ಗೈರೊ ಎಂಬ ಅಳತೆಯ ಸಾಧನಗಳಿವೆ. ವಿಮಾನ ಎಷ್ಟು ವೇಗವಾಗಿ ವಾಲುತ್ತಿದೆ ಎಂದು ಒಂದು ಅಳೆದು ರೆಕ್ಕೆಯ ತುದಿಯ ಚಲಿಸುವ ಪಟ್ಟಿಗಳಾದ ಏಲೆರಾನ್‌ಗಳಿಗೆ ಹೇಳುತ್ತದೆ. ಎಷ್ಟು ವೇಗವಾಗಿ ಹೊರಳುತ್ತಿದೆ ಎಂದು ಇನ್ನೊಂದು ಅಳೆದು ಬಾಲದಲ್ಲಿ ಎಡಬಲಕ್ಕೆ ತಿರುಗುವ ಪಟ್ಟಿಯಾದ ರಡ್ಡರ್‌ಗೆ ಹೇಳುತ್ತದೆ. ಪೈಲಟ್‌ನ ಅರಿವಿಗೂ ಬಾರದಂತೆ ಇದು ಸದಾ ನಡೆಯುತ್ತಿರುತ್ತದೆ. ಈಗ ಪ್ಲಗ್ ಅದಲು ಬದಲು ಮಾಡಿ. ವಾಲಿದರೆ ರಡ್ಡರ್ ತಿರುಗುತ್ತದೆ, ಹೊರಳಿದರೆ ಏಲೆರಾನ್ ಏಳುತ್ತದೆ. ಉಯ್ಯಾಲೆಯನ್ನು ನಿಲ್ಲಿಸಲು ನಿಂತವನು ಅದು ಹಿಂದಕ್ಕೆ ಹೋಗುವಾಗಲೆಲ್ಲ ಹಿಂದಕ್ಕೇ ತಳ್ಳಿದರೆ ಹೇಗೋ ಹಾಗೆ. ಪೈಲಟ್ ಸರಿಯಾದ ದಿಕ್ಕಿಗೆ ತಿರುಗಿಸಿದಷ್ಟೂ ಯಂತ್ರ ಅದಕ್ಕೆ ವಿರುದ್ಧವಾಗಿ ಇನ್ನೊಂದು ಪೆಟ್ಟು ಸೇರಿಸುತ್ತದೆ. ಆ ಪೈಲಟ್‌ಗಳನ್ನು ದೂರುವವರು ಇದನ್ನು ಒಮ್ಮೆ ಯೋಚಿಸಬೇಕು. ಅವರ ಮುಂದಿನ ಯಾವ ದೀಪವೂ ‘ಪ್ಲಗ್ ತಪ್ಪಾಗಿದೆ’ ಎಂದು ಹೇಳುವಂಥದಲ್ಲ. ಕೆಟ್ಟ ಭಾಗವೊಂದಾದರೂ ಇದ್ದಿದ್ದರೆ ದೀಪ ಹತ್ತುತ್ತಿತ್ತೇನೋ. ಇಲ್ಲಿ ಎಲ್ಲ ಭಾಗಗಳೂ ಸರಿಯಾಗಿಯೇ ಕೆಲಸ ಮಾಡುತ್ತಿದ್ದವು, ಜಾಗ ಮಾತ್ರ ತಪ್ಪಿತ್ತು.

ಇಲ್ಲಿ ಸಭೆಯಿಂದ ಒಬ್ಬ ವಿದ್ಯಾರ್ಥಿನಿ ಕೇಳಿದರು: “ಸರ್, ಒಂದರ ಸಾಕೆಟ್‌ಗೆ ಇನ್ನೊಂದರ ಪ್ಲಗ್ ಕೂರದ ಹಾಗೆ ಆಕಾರ ಬೇರೆ ಮಾಡಿರಲಿಲ್ಲವೇ?”

ಮಾಡಿರಲಿಲ್ಲ, ಅದೇ ದುರಂತದ ಬೇರು. ಬದಲಾಗಿ ಕೂರುವ ಎರಡು ಪ್ಲಗ್‌ಗಳನ್ನು ಪಕ್ಕಪಕ್ಕ ಇಟ್ಟರೆ ಒಂದಲ್ಲ ಒಂದು ದಿನ ಯಾರೋ ಒಬ್ಬರು ಬದಲಿಸಿಯೇ ಹಾಕುತ್ತಾರೆ. ಅದಕ್ಕೆ ವಿನ್ಯಾಸ ಮಾಡಿದವರೂ ಉತ್ತರ ಹೇಳಬೇಕು. ಆದರೆ ದುರಸ್ತಿ ಮುಗಿದ ಮೇಲೆ ನೆಲದ ಮೇಲೇ ಪರೀಕ್ಷಿಸಿ ನೋಡುವ ಕ್ರಮ ಇರುವುದು ಏತಕ್ಕೆ? ಒಬ್ಬ ಮಾಡಿದ ಕೆಲಸವನ್ನು ಇನ್ನೊಬ್ಬ ನೋಡಿ ಸಹಿ ಹಾಕುವುದು ಏತಕ್ಕೆ? ಸರಿಯಾಗಿ ಪರೀಕ್ಷಿಸಿದ್ದರೆ ಹಾರುವ ಮುನ್ನವೇ ಬಯಲಾಗುವಂಥ ತಪ್ಪು ಅದು. ಸಹಿ ಹಾಕುವ ಕೈಗಳಿಗೆ ವಿಮಾನಗಳು ಹೆಚ್ಚಾಗಿದ್ದವು ಎಂದು ನಾನು ಓದಿಕೊಳ್ಳುತ್ತೇನೆ.

2011ರ ಏಪ್ರಿಲ್‌ನಲ್ಲಿ ಮಾಸ್ಕೋ ಹತ್ತಿರದ ಚ್ಕಾಲೊವ್‌ಸ್ಕಿ ವಾಯುನೆಲೆಯಿಂದ ಬಹುಕಾಲ ನಿಂತಿದ್ದ ಟಿಯು-154 ಒಂದು ಎದ್ದು ಆಕಾಶದಲ್ಲಿ ಕುಡಿದವನಂತೆ ಓಲಾಡಿತು. ನೆಲದ ಮೇಲಿದ್ದವರು ಚಿತ್ರೀಕರಿಸಿದ ವಿಡಿಯೊ ಈಗಲೂ ಸಿಗುತ್ತದೆ, ನೋಡಲು ಎದೆ ಗಟ್ಟಿ ಬೇಕು. ಸ್ವಯಂಚಾಲಿತ ನಿಯಂತ್ರಣದ ವಿದ್ಯುತ್ ಜೋಡಣೆಯಲ್ಲಿ ಆದ ತಪ್ಪು ಅಲ್ಲೂ ಕಾರಣ ಎಂದು ವರದಿಯಾಯಿತು. ಆ ಪೈಲಟ್‌ಗಳು ಕಷ್ಟಪಟ್ಟು ಇಳಿಸಿದರು. ಸೇನೆಯ ವಿಮಾನ, ಒಳಗೆ ಪ್ರಯಾಣಿಕರಿರಲಿಲ್ಲ, ಅದೃಷ್ಟವೂ ಸ್ವಲ್ಪ ಇತ್ತು. ಹದಿನೇಳು ವರ್ಷಗಳ ನಂತರವೂ, ವಿಮಾನ ತಯಾರಿಸಿದವರ ದೇಶದಲ್ಲೇ, ಅದೇ ಜಾತಿಯ ತಪ್ಪು.

2303ರ ನಂತರ ಚೀನಾದಲ್ಲಿ ಜನರ ಕೋಪ ರಷ್ಯನ್ ವಿಮಾನದ ಕಡೆ ತಿರುಗಿತು. ಇದು ಎಲ್ಲೆಡೆ ಆಗುವುದೇ. 1990ರ ಫೆಬ್ರವರಿ 14ರಂದು ನಮ್ಮ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ಬಳಿ ಇಂಡಿಯನ್ ಏರ್‌ಲೈನ್ಸ್‌ನ ಎ320 ಬಿದ್ದು 92 ಮಂದಿ ಸತ್ತಾಗ ಸರ್ಕಾರ ಮೊದಲು ಮಾಡಿದ್ದು ಆ ಮಾದರಿಯ ವಿಮಾನಗಳನ್ನೆಲ್ಲ ನಿಲ್ಲಿಸಿದ್ದು. ಅದೇ ಎ320 ಇಂದು ನಮ್ಮ ದೇಶದ ಆಕಾಶದ ತುಂಬ ಇದೆ. ಯಂತ್ರವನ್ನು ಬಯ್ಯುವುದು ಸುಲಭ, ಅದು ಪತ್ರಿಕಾಗೋಷ್ಠಿ ಕರೆಯುವುದಿಲ್ಲ. ಆದರೂ ಟಿಯು-154ಕ್ಕೆ ಚೀನಾದಲ್ಲಿ ಹೆಚ್ಚು ದಿನ ಉಳಿಗಾಲವಿರಲಿಲ್ಲ. 1999ರ ಫೆಬ್ರವರಿ 24ರಂದು ಚೀನಾ ಸೌತ್‌ವೆಸ್ಟ್‌ನ 4509 ಸಂಖ್ಯೆಯ ಟಿಯು-154 ವೆನ್‌ಝೌ ಬಳಿ ಬಿದ್ದು 61 ಜನ ಸತ್ತರು. ವಿಮಾನದ ಮೂಗನ್ನು ಮೇಲೆ ಕೆಳಗೆ ಮಾಡುವ, ಬಾಲದಲ್ಲಿರುವ ಎಲಿವೇಟರ್‌ನ ನಿಯಂತ್ರಣದ ಕೊಂಡಿಯಲ್ಲಿ ಹಾಕಬಾರದ ನಟ್ ಹಾಕಿದ್ದರು. ಮತ್ತೆ ನಿರ್ವಹಣೆಯೇ. ಅದರ ನಂತರ ಚೀನಾದ ನಾಗರಿಕ ಸಂಸ್ಥೆಗಳು ಕೆಲವೇ ವರ್ಷಗಳಲ್ಲಿ ಆ ಮಾದರಿಯನ್ನು ಕೈಬಿಟ್ಟವು.

ನ್ಯಾಯವಾಗಿ ಹೇಳಬೇಕೆಂದರೆ ಬೀಜಿಂಗ್ ಪಾಠ ಕಲಿಯಿತು. 1995ರ ಅಕ್ಟೋಬರಿನಲ್ಲಿ ದೇಶದ ಮೊದಲ ನಾಗರಿಕ ವಿಮಾನಯಾನ ಕಾನೂನು ಅಂಗೀಕಾರವಾಯಿತು, ಮರುವರ್ಷ ಮಾರ್ಚ್‌ನಿಂದ ಜಾರಿಗೆ ಬಂತು. ತಪಾಸಣೆ ಬಿಗಿಯಾಯಿತು, ವಿದೇಶಿ ಪರಿಣತರನ್ನು ಕರೆಸಿದರು. 2010ರ ಆಗಸ್ಟಿನಿಂದ 2022ರ ಮಾರ್ಚ್‌ವರೆಗೆ ಆ ದೇಶದಲ್ಲಿ ದೊಡ್ಡ ಪ್ರಯಾಣಿಕ ವಿಮಾನ ದುರಂತ ಒಂದೂ ಆಗಲಿಲ್ಲ.

ಚೀನಾ ನಾರ್ತ್‌ವೆಸ್ಟ್ ಮಾತ್ರ ಸುಧಾರಿಸಿಕೊಳ್ಳುವ ಹೊತ್ತಿಗೆ ದರಸಮರ ಬಂತು. ತೊಂಬತ್ತರ ದಶಕದ ಕೊನೆಗೆ ಏಷ್ಯಾದ ಹಣಕಾಸು ಬಿಕ್ಕಟ್ಟು, ಹೆಚ್ಚಿದ ಸೀಟು, ತಗ್ಗಿದ ಬೇಡಿಕೆ. ಮೂವತ್ತಕ್ಕೂ ಹೆಚ್ಚು ಸಂಸ್ಥೆಗಳು ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಕಿತ್ತುಕೊಳ್ಳಲು ದರ ಇಳಿಸಿದವು. ಸರ್ಕಾರ 1999ರಲ್ಲಿ ರಿಯಾಯಿತಿಯನ್ನೇ ನಿಷೇಧಿಸಿತು. ರಿಯಾಯಿತಿಗಳು ಹಿಂಬಾಗಿಲಿನಿಂದ ನಡೆದವು. ಕರಾವಳಿಯ ದೊಡ್ಡವರು ನಷ್ಟ ತಡೆದುಕೊಂಡರು, ಒಳನಾಡಿನ ಸಂಸ್ಥೆಗಳ ಸಾಲ ಬೆಳೆಯಿತು. 2001ರ ಡಿಸೆಂಬರಿನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿತು. ವಿದೇಶಿ ದೈತ್ಯರ ಮುಂದೆ ನಿಲ್ಲಲು ನಮಗೂ ದೈತ್ಯರು ಬೇಕು ಎಂಬ ವಾದಕ್ಕೆ ಬಲ ಬಂತು.

ಹತ್ತು ಸರ್ಕಾರಿ ಸಂಸ್ಥೆಗಳನ್ನು ಮೂರು ಗುಂಪಾಗಿಸುವ ಯೋಜನೆಯನ್ನು 2000ದಲ್ಲೇ ಘೋಷಿಸಿದ್ದರು. 2002ರ ಅಕ್ಟೋಬರ್ 11ರಂದು ಬೀಜಿಂಗಿನಲ್ಲಿ ಅದು ಅಧಿಕೃತವಾಯಿತು. ಏರ್ ಚೀನಾ ಜೊತೆಗೆ ಸೌತ್‌ವೆಸ್ಟ್, ಚೀನಾ ಸದರ್ನ್ ಜೊತೆಗೆ ನಾರ್ದರ್ನ್ ಮತ್ತು ಶಿನ್‌ಜಿಯಾಂಗ್, ಚೀನಾ ಈಸ್ಟರ್ನ್ ಜೊತೆಗೆ ನಾರ್ತ್‌ವೆಸ್ಟ್ ಮತ್ತು ಯುನ್ನಾನ್. ಹದಿನೈದು ವರ್ಷ ಹಿಂದೆ ಒಡೆದ ಅದೇ ಕೈ ಮತ್ತೆ ಅಂಟಿಸಿತು. ಲಾಭದಲ್ಲಿದ್ದ ಯುನ್ನಾನ್, ಸಾಲದಲ್ಲಿದ್ದ ನಾರ್ತ್‌ವೆಸ್ಟ್ ಎರಡಕ್ಕೂ ಒಂದೇ ತೀರ್ಪು. ಇದೇ ನನ್ನ ವಾದಕ್ಕೆ ಮುಖ್ಯ ಆಧಾರ. ಚೆನ್ನಾಗಿ ನಡೆದ ಸಂಸ್ಥೆಯೂ ಮುಳುಗುತ್ತಿದ್ದ ಸಂಸ್ಥೆಯೂ ಒಂದೇ ದಿನ ಒಂದೇ ಕಾಗದದಲ್ಲಿ ಮುಗಿದರೆ, ಮುಗಿಸಿದ್ದು ಅಪಘಾತವೂ ಅಲ್ಲ, ಮಾರುಕಟ್ಟೆಯೂ ಅಲ್ಲ.

ವಿಲೀನ ಕಾಗದದ ಮೇಲೆ ಆದಷ್ಟು ಬೇಗ ನೆಲದ ಮೇಲೆ ಆಗಲಿಲ್ಲ. 2003ರಲ್ಲಿ ಸಾರ್ಸ್ ಸಾಂಕ್ರಾಮಿಕ ರೋಗ ಬಂದು ವಿಮಾನಗಳು ಖಾಲಿ ಹಾರಿದವು. ಶಿಯಾನ್‌ನ ಮತ್ತು ಯುನ್ನಾನ್ ಸಂಸ್ಥೆಯ ನೆಲೆಯಾದ ಕುನ್‌ಮಿಂಗ್‌ನ ಆಸ್ತಿಗಳು ಷೇರುಪೇಟೆಯಲ್ಲಿರುವ ಚೀನಾ ಈಸ್ಟರ್ನ್ ಕಂಪನಿಯ ಕೈ ಸೇರಿದ್ದು 2005ರಲ್ಲಿ. ವಿಮಾನಗಳಿಗೆ ಹೊಸ ಬಣ್ಣ ಬಳಿದರು, ಶಿಯಾನ್ ಒಂದು ಶಾಖೆಯಾಯಿತು. ಸಂಖ್ಯೆಗಳು ಮಾತ್ರ ಹಠ ಹಿಡಿದವು. ಸಂಖ್ಯೆಯ ಮುಂದೆ ನಾರ್ತ್‌ವೆಸ್ಟ್‌ನ ಗುರುತಾದ ಡಬ್ಲ್ಯುಎಚ್ ಅಕ್ಷರಗಳ ಜಾಗದಲ್ಲಿ ಚೀನಾ ಈಸ್ಟರ್ನ್‌ನ ಎಂಯು ಬಂದರೂ ಶಿಯಾನ್ ನೆಲೆಯ ಅನೇಕ ವಿಮಾನಗಳು 2ರಿಂದಲೇ ಶುರುವಾಗುತ್ತ ಉಳಿದವು. ಜನರ ಮನಸ್ಸು ಹೇಗಿತ್ತು ಎಂಬುದಕ್ಕೆ ಕುನ್‌ಮಿಂಗ್ ಸಾಕ್ಷಿ. 2008ರ ಮಾರ್ಚ್ 31ರಂದು ಹಿಂದಿನ ಯುನ್ನಾನ್ ಸಂಸ್ಥೆಯ ಪೈಲಟ್‌ಗಳು ಹತ್ತಕ್ಕೂ ಹೆಚ್ಚು ವಿಮಾನಗಳನ್ನು ನಡು ಆಕಾಶದಿಂದ, ಕೆಲವನ್ನು ಹೋಗಬೇಕಾದ ಊರಿನ ಮೇಲಿನಿಂದಲೇ, ಇಳಿಸದೆ ವಾಪಸ್ ತಂದರು. ಹವಾಮಾನದ ನೆಪ ಹೇಳಲಾಯಿತು. ಅದೇ ಊರುಗಳಲ್ಲಿ ಬೇರೆ ಸಂಸ್ಥೆಗಳ ವಿಮಾನಗಳು ಸಲೀಸಾಗಿ ಇಳಿಯುತ್ತಿದ್ದವು. ಸಂಬಳ, ತೆರಿಗೆ, ಶಾಂಘೈ ಮಾಲೀಕರ ಮೇಲಿನ ಅಸಮಾಧಾನ ಎಲ್ಲ ಅದರಲ್ಲಿ ಬೆರೆತಿತ್ತು.

ಕೊನೆಯಲ್ಲಿ ಹಿರಿಯರೊಬ್ಬರು ಕೇಳಿದರು: “ಹಾಗಾದರೆ ಚೀನಾದಲ್ಲಿ ವಿಮಾನ ಸಂಸ್ಥೆ ದಿವಾಳಿಯಾಗುವುದೇ ಇಲ್ಲವೇ? ನಮ್ಮಲ್ಲಿ ನೋಡಿ, ಎಷ್ಟು ಹೋದವು!”

ಆಗುತ್ತವೆ, ಆದರೆ ಅದಕ್ಕೆ ಖಾಸಗಿಯವರಾಗಿರಬೇಕು. 2005ರ ಹೊತ್ತಿಗೆ ಖಾಸಗಿ ಬಂಡವಾಳಕ್ಕೆ ಬಾಗಿಲು ತೆರೆದಾಗ ವುಹಾನ್‌ನ ಲಾನ್ ಶಿಲಿ ಎಂಬ ಉದ್ಯಮಿ ಈಸ್ಟ್ ಸ್ಟಾರ್ ಏರ್‌ಲೈನ್ಸ್ ಕಟ್ಟಿದರು. 2006ರ ಮೇ ತಿಂಗಳಲ್ಲಿ ಬಾಡಿಗೆಯ ಏರ್‌ಬಸ್‌ಗಳಿಂದ ಹಾರಾಟ ಶುರು. 2008ರ ಆರ್ಥಿಕ ಕುಸಿತದಲ್ಲಿ ಬಾಡಿಗೆ ಬಾಕಿ ಬಿತ್ತು. ಏರ್ ಚೀನಾ ಗುಂಪಿಗೆ ಮಾರುವ ಮಾತುಕತೆ ನಡೆಯಿತು, ಲಾನ್ ಒಪ್ಪಲಿಲ್ಲ. 2009ರ ಮಾರ್ಚ್ 15ರಿಂದ ವಿಮಾನಗಳು ನಿಂತವು, ಅದೇ ದಿನಗಳಲ್ಲಿ ಲಾನ್ ಬಂಧನವೂ ಆಯಿತು. ವಿಮಾನ ಬಾಡಿಗೆಗೆ ಕೊಟ್ಟವರು ನ್ಯಾಯಾಲಯಕ್ಕೆ ಹೋದರು, ಆಗಸ್ಟ್‌ನಲ್ಲಿ ವುಹಾನ್ ನ್ಯಾಯಾಲಯ ಸಂಸ್ಥೆಯನ್ನು ದಿವಾಳಿ ಎಂದು ಘೋಷಿಸಿತು. ಹೀಗೆ ದಿವಾಳಿಯಾದ ಚೀನಾದ ಮೊದಲ ವಿಮಾನ ಸಂಸ್ಥೆ ಅದು. ಮರುವರ್ಷ ತೆರಿಗೆ ವಂಚನೆಗಾಗಿ ಲಾನ್‌ಗೆ ನಾಲ್ಕು ವರ್ಷ ಶಿಕ್ಷೆಯಾಯಿತು.

ಈಸ್ಟ್ ಸ್ಟಾರ್ ಬಾಡಿಗೆ ಕಟ್ಟಲಾಗದೆ ಒದ್ದಾಡುತ್ತಿದ್ದ ಅದೇ 2008ರಲ್ಲಿ ಚೀನಾ ಈಸ್ಟರ್ನ್ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಸಾವಿರ ಕೋಟಿ ಯುವಾನ್‌ಗೂ ಮೀರಿ, ನಷ್ಟ ಮಾಡಿಕೊಂಡಿತ್ತು. ಅದರಲ್ಲಿ ದೊಡ್ಡ ಪಾಲು ಇಂಧನ ಬೆಲೆಯ ಮೇಲೆ ಕಟ್ಟಿದ ಬಾಜಿಯಲ್ಲಿ ಹೋದದ್ದು. ಸರ್ಕಾರ 700 ಕೋಟಿ ಯುವಾನ್ ಬಂಡವಾಳ ಸುರಿದು ಅದನ್ನು ನಿಲ್ಲಿಸಿಕೊಂಡಿತು. ಮರುವರ್ಷ ಶಾಂಘೈ ಏರ್‌ಲೈನ್ಸನ್ನೂ ಅದರ ಮಡಿಲಿಗೆ ಹಾಕಿತು.